ಚಂದಾ ನಿಂತ ಮೇಲೂ ಸಂಘದಲ್ಲಿ

ಸರ್ಕಾರಿ ಶಾಲೆಯ ಮೇಷ್ಟ್ರು, ಟೀಚರುಗಳ ಸಂಘದ ಚಂದಾ ಸಂಬಳದಲ್ಲೇ ಮುರಿದುಹೋಗುತ್ತದೆ. ಸಂಬಳ ನಿಂತರೆ ಚಂದಾನೂ ನಿಂತಿತು. ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಶಾಲೆಯಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಇರುತ್ತದೆ. ಸಂಘದ ಕಡೆಯಿಂದ ಅಂಥದ್ದೇನೂ ಆಗಬೇಕಾಗಿಲ್ಲ. ಮುಂದಿನ ಪಟ್ಟಿಯಲ್ಲಿ ಹೆಸರಿರುವುದಿಲ್ಲ, ಅಷ್ಟೆ.

ನಾನು 2023ರ ಮೇ 31ರಂದು ನಿವೃತ್ತಿಯಾದೆ. ಬಯಲುಸೀಮೆಯ ಒಂದು ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿದ್ದೆ. ಶಿಕ್ಷಕರ ಸಂಘದ ತಾಲ್ಲೂಕು ಘಟಕದಲ್ಲಿ ಕೆಲವು ವರ್ಷ ಖಜಾಂಚಿಯಾಗಿಯೂ ಇದ್ದೆ. ಈಗ ನಿವೃತ್ತರ ಸಂಘದಲ್ಲಿದ್ದೇನೆ. ಸಂಘ ಬೇಕಾಗುವುದು ಮೂವತ್ತು ಮೂವತ್ತೈದರ ವಯಸ್ಸಿನಲ್ಲಿ, ಅದೂ ವರ್ಗಾವಣೆಗೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ನನಗೆ ಅದು ನಿಜವಾಗಿ ಕೈ ಹಿಡಿದದ್ದು ಐವತ್ತೆಂಟು ದಾಟಿದ ಮೇಲೆ. ಇನ್ನೂ ನೌಕರಿಯಲ್ಲಿ ಇರುವವರಿಗೆ ಇದು ಉಪಯೋಗಕ್ಕೆ ಬರಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾನು ಸೇರಿದ್ದು 1990ರ ದಶಕದ ದೊಡ್ಡ ನೇಮಕಾತಿಯಲ್ಲಿ. ಆಗ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಮಂತ್ರಿ. ಅಂಕ ನೋಡಿ ಕೆಲಸ ಕೊಟ್ಟರು, ಯಾರಿಗೂ ಕೈಬಿಸಿ ಮಾಡಬೇಕಾಗಲಿಲ್ಲ ಅಂತ ಈಗಲೂ ನಮ್ಮ ಬ್ಯಾಚಿನವರು ಅವರ ಹೆಸರು ಹೇಳುತ್ತೇವೆ. ಮೊದಲ ಶಾಲೆ ಗಂಡನ ಊರಿನಿಂದ ದೂರದ ತಾಲ್ಲೂಕು. ಇಬ್ಬರೇ ಶಿಕ್ಷಕರು, ಒಂದೇ ಕೋಣೆ, ಒಂದು ಜಗಲಿ. ಆಗ ಸಂಘ ಅಂದರೆ ನನ್ನ ಪಾಲಿಗೆ ಸಂಬಳದ ದಿನ ರಸೀದಿ ಪುಸ್ತಕ ಹಿಡಿದು ಕೂತಿರುತ್ತಿದ್ದ ಒಬ್ಬ ಮೇಷ್ಟ್ರು. ದುಡ್ಡು ಕೊಟ್ಟು ರಸೀದಿ ತಗೊಂಡು ಬಸ್ ಹಿಡಿಯುತ್ತಿದ್ದೆ. ಸಭೆಗೆ ಹೋಗುತ್ತಿರಲಿಲ್ಲ. ಭಾನುವಾರ ಸಂಜೆ ಸಭೆ ಕರೆದರೆ ಹೆಂಗಸರು ಹೇಗೆ ಹೋಗಬೇಕು? ಕತ್ತಲಾದ ಮೇಲೆ ನಮ್ಮ ಕಡೆ ಬಸ್ಸೂ ಇರಲಿಲ್ಲ.

ವರ್ಗಾವಣೆಗೆ 2007ರಲ್ಲಿ ಕಾಯ್ದೆ ಬಂತು. ಅದಾದ ಮೇಲೆ ಕೌನ್ಸೆಲಿಂಗ್‌ನಲ್ಲಿ, ಪತಿ-ಪತ್ನಿ ಪ್ರಕರಣದಡಿ ನಾನು ಈ ತಾಲ್ಲೂಕಿಗೆ ಬಂದೆ. ಅರ್ಜಿ ತುಂಬಿಸಿದ್ದು, ದಾಖಲೆ ಜೋಡಿಸಿದ್ದು, ಕೌನ್ಸೆಲಿಂಗ್ ದಿನ ಪಕ್ಕದಲ್ಲಿ ನಿಂತು ಯಾವ ಶಾಲೆ ಖಾಲಿ ಇದೆ ಅಂತ ಹೇಳಿದ್ದು ಸಂಘದವರು. ಆ ಋಣಕ್ಕೆ ಅಂತಲೇ ಸಭೆಗೆ ಹೋಗಲು ಶುರು ಮಾಡಿದೆ. ಹೋದ ಮೇಲೆ ನಾನು ಮಾಡಿದ ಮೊದಲ ಜಗಳ ಸಭೆಯ ಹೊತ್ತಿನದು. ಶನಿವಾರ ನಮಗೆ ಬೆಳಗಿನ ಶಾಲೆ, ಮಧ್ಯಾಹ್ನ ಬಿಡುವು. ಶನಿವಾರ ಮಧ್ಯಾಹ್ನ ಸಭೆ ಇಡಿ ಅಂದೆ. ಮೊದಲು ನಕ್ಕರು. ಆಮೇಲೆ ಇಟ್ಟರು. ಹೆಂಗಸರು ಬರತೊಡಗಿದರು. ಮುಂದಿನ ಚುನಾವಣೆಯಲ್ಲಿ ಅವರೇ ಸೇರಿ ನನ್ನನ್ನು ಖಜಾಂಚಿ ಮಾಡಿದರು.

ಸಂಘದ ಕೆಲಸ ಹೊರಗಿನವರಿಗೆ ಕಾಣುವುದು ಧರಣಿ, ಘೋಷಣೆ, ಮನವಿ ಪತ್ರದ ಫೋಟೋಗಳಲ್ಲಿ. ಒಳಗಿನ ಕೆಲಸ ಬೇರೆ. ಹತ್ತು ವರ್ಷದ್ದು, ಹದಿನೈದು ವರ್ಷದ್ದು, ಇಪ್ಪತ್ತು ವರ್ಷದ್ದು ಅಂತ ನಾವು ಕರೆಯುವ ಬಡ್ತಿಗಳ ಕಡತ ಯಾವ ಮೇಜಿನ ಮೇಲೆ ಕೂತಿದೆ ಅಂತ ನೋಡುವುದು. ಒಬ್ಬರ ಇನ್‌ಕ್ರಿಮೆಂಟ್ ಯಾಕೆ ಬಿದ್ದಿಲ್ಲ ಅಂತ ಕೇಳುವುದು. ಗುಮಾಸ್ತರ ಹತ್ತಿರ ಬೆಣ್ಣೆ ಮಾತಾಡಬೇಕಾದಲ್ಲಿ ಮಾತಾಡಿ, ಗಂಟಲು ಎತ್ತಬೇಕಾದಲ್ಲಿ ಎತ್ತುವುದು. ಪ್ರಾಥಮಿಕ ಶಾಲೆಯವರಿಗೆ ಇದು ಜಾಸ್ತಿ ಬೇಕು. ವಿಧಾನ ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರಗಳು 7 ಇವೆ. ಆದರೆ ಮತದಾರರಾಗಲು ಪ್ರೌಢಶಾಲೆ ಅಥವಾ ಅದಕ್ಕಿಂತ ಮೇಲಿನ ಸಂಸ್ಥೆಯಲ್ಲಿ ಪಾಠ ಮಾಡಿರಬೇಕು. ಒಂದನೇ ಕ್ಲಾಸಿಗೆ ಅ ಆ ಇ ಈ ತಿದ್ದಿಸಿದವರು ಆ ಲೆಕ್ಕದಲ್ಲಿ ಶಿಕ್ಷಕರಲ್ಲ. ಪದವಿ ಇದ್ದರೆ ಪದವೀಧರ ಕ್ಷೇತ್ರದಲ್ಲಿ ಹಾಕಬಹುದು, ಅದು ಬೇರೆ ಮಾತು.

ಇನ್ನು ಎಸ್.ಆರ್., ಅಂದರೆ ನೌಕರರ ಸೇವಾ ಪುಸ್ತಕದ ವಿಷಯಕ್ಕೆ ಬರುತ್ತೇನೆ.

ನಮ್ಮ ಘಟಕದಲ್ಲಿ ಹಿಂದೆ ಕಾರ್ಯದರ್ಶಿಯಾಗಿದ್ದ ಒಬ್ಬ ಮೇಷ್ಟ್ರು ಇದ್ದಾರೆ. ನನಗಿಂತ ಎಷ್ಟೋ ವರ್ಷ ಮೊದಲೇ ನಿವೃತ್ತರಾದವರು. ಅವರ ಮನೆಯಲ್ಲಿ ಒಂದು ಟ್ರಂಕು ತುಂಬ ಸರ್ಕಾರಿ ಆದೇಶಗಳ ಪ್ರತಿಗಳು. ಇಸವಿವಾರು ದಾರ ಕಟ್ಟಿ ಇಟ್ಟಿದ್ದಾರೆ. ಸಭೆಗೆ ಬಂದರೆ ಹಿಂದಿನ ಬೆಂಚಿನಲ್ಲಿ ಕೂತು, ಟೀ ಕುಡಿದು, ಕೇಳಿದರೆ ಮಾತ್ರ ಬಾಯಿ ಬಿಡುತ್ತಿದ್ದರು. ನಿವೃತ್ತಿಗೆ ಎರಡು ವರ್ಷ ಇರುವಾಗ ಒಂದು ದಿನ ಅವರೇ ಕರೆದು, “ಮೇಡಂ, ಎಸ್.ಆರ್. ನೋಡಿದೀರಾ?” ಅಂದರು. ಸೇವಾ ಪುಸ್ತಕ ಇರುವುದು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ, ನಾನೇಕೆ ನೋಡಲಿ ಅಂದೆ. “ಅದರಲ್ಲಿರೋದು ನಿಮ್ಮ ಬದುಕು, ಆಫೀಸಿನವರದ್ದಲ್ಲ. ಹೋಗಿ ಒಂದೊಂದು ಪುಟಾನೂ ನೋಡಿ” ಅಂದರು.

ಅರ್ಜಿ ಕೊಟ್ಟು ತೆಗೆಸಿದೆ. ರಟ್ಟು ಸಡಿಲವಾಗಿತ್ತು, ಮೊದಲ ಪುಟದಲ್ಲಿ ನನ್ನ ಹೆಬ್ಬೆಟ್ಟು, ಬೆರಳುಗಳ ಗುರುತು, ಎಡಗೆನ್ನೆಯ ಮಚ್ಚೆಯ ವಿವರ. ಒಳಗೆ ಹೋದ ಹಾಗೆ ಸಮಸ್ಯೆ ಕಾಣತೊಡಗಿತು. ಪ್ರತಿ ವರ್ಷ ಸಂಬಳದ ಬಿಲ್ಲು ನೋಡಿ, ಇಂಥ ದಿನದಿಂದ ಇಂಥ ದಿನದವರೆಗೆ ಸೇವೆ ಪರಿಶೀಲಿಸಿದೆ ಅಂತ ಬರೆದು ಅಧಿಕಾರಿ ಸಹಿ ಮಾಡಬೇಕು. ಹಳೇ ತಾಲ್ಲೂಕಿನ ಕೆಲವು ವರ್ಷಗಳಿಗೆ ಆ ಸಾಲೇ ಇರಲಿಲ್ಲ. ಒಂದು ಕಡೆ ಸಾಲಿತ್ತು, ಸಹಿ ಇರಲಿಲ್ಲ. ವರ್ಗಾವಣೆ ಆದಾಗ ಅಲ್ಲಿ ಬಿಡುಗಡೆಯಾದ ದಿನಕ್ಕೂ ಇಲ್ಲಿ ಹಾಜರಾದ ದಿನಕ್ಕೂ ನಡುವಿನ ಸೇರಿಕೆ ಕಾಲವನ್ನು ಯಾರೂ ಬರೆದಿರಲಿಲ್ಲ. ನೋಡಲು ಸಣ್ಣ ವಿಷಯ. ಆದರೆ ಗ್ರಾಚ್ಯುಟಿ, ಅಂದರೆ ನಿವೃತ್ತಿಯಾದಾಗ ಒಂದೇ ಸಲ ಕೊಡುವ ಹಣದ ಲೆಕ್ಕ ಹಾಕುವುದು ಪೂರ್ತಿಯಾದ ಆರಾರು ತಿಂಗಳ ಸೇವೆಯ ಮೇಲೆ. ನಡುವೆ ಖಾಲಿ ಜಾಗ ಬಿಟ್ಟು ಕಡತ ಮಹಾಲೇಖಪಾಲರ ಕಚೇರಿಗೆ ಹೋದರೆ ಅವರು ಆಕ್ಷೇಪಣೆ ಹಾಕಿ ವಾಪಸ್ ಕಳಿಸುವುದು ನ್ಯಾಯವೇ.

ಎಲ್ಲಕ್ಕಿಂತ ನನ್ನನ್ನು ಕೂರಿಸಿದ್ದು ರಜೆ ಲೆಕ್ಕದ ಪುಟ. ಬೇಸಿಗೆ ರಜೆ, ದಸರಾ ರಜೆ ಇರುವ ಕಾರಣಕ್ಕೆ ಶಿಕ್ಷಕರಿಗೆ ವರ್ಷಕ್ಕೆ ಗಳಿಕೆ ರಜೆ 10 ದಿನ ಮಾತ್ರ. ಬೇರೆ ಇಲಾಖೆಯವರಿಗೆ 30. ನಿವೃತ್ತಿಯ ದಿನ ಖಾತೆಯಲ್ಲಿ ಉಳಿದ ಗಳಿಕೆ ರಜೆಯನ್ನು 300 ದಿನದವರೆಗೆ ನಗದು ಮಾಡಿಕೊಳ್ಳಬಹುದು. ಒಂದು ದಿನದ ರಜೆ ಅಂದರೆ ಕೊನೆಯ ಮೂಲವೇತನ, ತುಟ್ಟಿಭತ್ಯೆ ಸೇರಿಸಿದ್ದರ ಮೂವತ್ತರಲ್ಲಿ ಒಂದು ಪಾಲು. ಹೀಗಾಗಿ ಒಂದೊಂದು ದಿನಕ್ಕೂ ಬೆಲೆ ಇದೆ. ರಜೆಯಲ್ಲಿ ಸರ್ಕಾರ ನಮ್ಮಿಂದ ಕೆಲಸ ಮಾಡಿಸಿಕೊಂಡರೆ, ಆದೇಶ ಇದ್ದಲ್ಲಿ, ಅದಕ್ಕೆ ಬದಲಾಗಿ ಗಳಿಕೆ ರಜೆ ಖಾತೆಗೆ ಸೇರಬೇಕು.

2010ರ ಬೇಸಿಗೆಯಲ್ಲಿ 2011ರ ಜನಗಣತಿಗಾಗಿ ಮನೆಪಟ್ಟಿ ಮಾಡಿದೆವು. ಏಪ್ರಿಲ್, ಮೇ ಬಿಸಿಲು. ಬಯಲುಸೀಮೆಯ ಮೇ ತಿಂಗಳು ಹೇಗಿರುತ್ತದೆ ಅಂತ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಒಂದೊಂದು ಮನೆಗೂ ಸೀಮೆಸುಣ್ಣದಲ್ಲಿ ನಂಬರ್ ಬರೆದು, ಎಷ್ಟು ಕೋಣೆ, ಅಡುಗೆಗೆ ಸೌದೆಯೋ ಗ್ಯಾಸೋ, ಶೌಚಾಲಯ ಇದೆಯೋ ಇಲ್ಲವೋ ಅಂತ ಕೇಳಿ ಬರೆದುಕೊಂಡದ್ದು. 2015ರ ಏಪ್ರಿಲ್‌ನಲ್ಲಿ ಮತ್ತೆ ಕಾಂತರಾಜ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ. ಆಗ ನಮೂನೆ ಇನ್ನೂ ಉದ್ದ. “ಇದನ್ನೆಲ್ಲ ಯಾಕೆ ಕೇಳ್ತೀರಾ ಟೀಚರ್” ಅಂತ ಜಗಲಿಯಲ್ಲಿ ಕೂತ ಅಜ್ಜಂದಿರು ತಕರಾರು ಮಾಡುತ್ತಿದ್ದರು. ಆಮೇಲೆ ಅವರೇ ಮಜ್ಜಿಗೆ ಕೊಡುತ್ತಿದ್ದರು. ಈ ಎರಡೂ ಬೇಸಿಗೆ ನನ್ನ ಎಸ್.ಆರ್.ನಲ್ಲಿ ಇರಲೇ ಇಲ್ಲ. ಪುಸ್ತಕದ ಪ್ರಕಾರ ನಾನು ಆ ಬೇಸಿಗೆಗಳಲ್ಲಿ ಮನೆಯಲ್ಲಿ ಹಪ್ಪಳ ಒಣಗಿಸುತ್ತಿದ್ದೆ.

ಮೇಷ್ಟ್ರ ಟ್ರಂಕು ಉಪಯೋಗಕ್ಕೆ ಬಂದದ್ದು ಇಲ್ಲಿ. ಆಯಾ ವರ್ಷದ ಆದೇಶದ ಪ್ರತಿ ತೆಗೆದುಕೊಟ್ಟರು. ನನ್ನ ಹತ್ತಿರ ಒಂದು ನೇಮಕ ಪತ್ರ ಇತ್ತು, ಇನ್ನೊಂದು ಇರಲಿಲ್ಲ. ನನ್ನ ಜೊತೆ ಪಕ್ಕದ ಬ್ಲಾಕ್ ಮಾಡಿದ್ದ ಟೀಚರ ಹತ್ತಿರ ಗಣತಿದಾರರ ಪಟ್ಟಿ ಇತ್ತು, ಅದರಲ್ಲಿ ನನ್ನ ಹೆಸರೂ ಇತ್ತು. ಹಳೇ ತಾಲ್ಲೂಕಿನ ಕೆಲಸ ಇನ್ನೂ ಕಷ್ಟದ್ದು. ಕಂಪ್ಯೂಟರಿನಲ್ಲಿ ಸಂಬಳ ಮಾಡುವ ಎಚ್.ಆರ್.ಎಂ.ಎಸ್. ಬರುವ ಮೊದಲಿನ ಸಂಬಳ ಅಂದರೆ ಎಲ್ಲ ಕಾಗದದ ಬಿಲ್ಲು. ಅಲ್ಲಿನ ಕಚೇರಿಯಲ್ಲಿ ಹಳೇ ದಾಖಲೆ ಸಿಗಲ್ಲ ಅಂತ ಸುಮ್ನೆ ಸಾಗಹಾಕಿದರು. ಆಗ ಆ ತಾಲ್ಲೂಕಿನ ಸಂಘದ ಕಾರ್ಯದರ್ಶಿಗೆ ನಮ್ಮವರು ಫೋನ್ ಮಾಡಿದರು. ಆ ಹುಡುಗ ನನ್ನನ್ನು ಕಂಡವನೂ ಅಲ್ಲ. ಶಾಲೆ ಬಿಟ್ಟ ಮೇಲೆ ಹೋಗಿ, ದಾಖಲೆ ಕೋಣೆಯಲ್ಲಿ ಗುಮಾಸ್ತರ ಜೊತೆಗೇ ಕೂತು, ಬಟವಾಡೆ ವಹಿಗಳಲ್ಲಿ ನನ್ನ ಸಹಿ ಇರುವ ಪುಟಗಳನ್ನು ಹುಡುಕಿಸಿದ. ಗೆದ್ದಲು ತಿಂದ ಅಂಚು, ರೆವೆನ್ಯೂ ಸ್ಟಾಂಪಿನ ಮೇಲೆ ನನ್ನ ಹಳೇ ಸಹಿ. ಆ ಪುಟಗಳ ಫೋಟೋ ಮೊಬೈಲಿಗೆ ಬಂದ ದಿನ ನನ್ನ ಗಂಡ, “ನಿನ್ನ ಅಕ್ಷರ ಆಗ ಎಷ್ಟು ಚೆನ್ನಾಗಿತ್ತು” ಅಂದರು.

ಪರಿಶೀಲನೆಯ ಸಾಲುಗಳು ಸೇರಿದವು, ಸಹಿಗಳು ಬಿದ್ದವು. ಎರಡು ಬೇಸಿಗೆಯ ಗಳಿಕೆ ರಜೆಯೂ ಪುಟಕ್ಕೆ ಬಂತು. ಇದೆಲ್ಲ ನಿವೃತ್ತಿಗೆ ಮೊದಲು ಆದ ಕೆಲಸ. ನಿವೃತ್ತಿಯಾದ ಮೇಲೆ ಇದೇ ಕೆಲಸಕ್ಕೆ ಅಲೆಯುತ್ತಿರುವವರನ್ನು ಈಗ ವಾರವಾರ ನೋಡುತ್ತಿದ್ದೇನೆ. ಕುರ್ಚಿಯಲ್ಲಿ ಇರುವಾಗ “ಬನ್ನಿ ಮೇಡಂ” ಅನ್ನುವ ಬಾಯಿ, ಆಮೇಲೆ “ನಾಳೆ ಬನ್ನಿ” ಅನ್ನುತ್ತದೆ.

ಕೊನೆಯ ವರ್ಷದಲ್ಲಿ ಮುಷ್ಕರವೂ ಬಂತು. 2023ರ ಮಾರ್ಚ್ 1. ಏಳನೇ ವೇತನ ಆಯೋಗ, ಹಳೇ ಪಿಂಚಣಿ ಈ ಎರಡು ಬೇಡಿಕೆ ಇಟ್ಟು ರಾಜ್ಯದ ನೌಕರರೆಲ್ಲ ಅನಿರ್ದಿಷ್ಟ ಮುಷ್ಕರಕ್ಕೆ ಇಳಿದೆವು. ಮೂಲವೇತನದ ಶೇ. 17ರಷ್ಟು ಮಧ್ಯಂತರ ಪರಿಹಾರದ ಆದೇಶ ಅವತ್ತೇ ಹೊರಬಿತ್ತು. ಮುಷ್ಕರ ಅವತ್ತೇ ಮುಗಿಯಿತು. ಹಳೇ ಪಿಂಚಣಿ ವಿಷಯ ಸಮಿತಿಗೆ ಹೋಯಿತು. ಏಪ್ರಿಲ್‌ನಿಂದ ಪರಿಹಾರ ಜಾರಿಯಾದ್ದರಿಂದ ನನ್ನ ಕೊನೆಯ ಎರಡು ಸಂಬಳದಲ್ಲಿ ಅದು ಸೇರಿತು.

ಅವತ್ತು ಗುರುಭವನದ ಮುಂದೆ ಪಟಾಕಿ ಹೊಡೆಯುವವರು ಒಂದು ಕಡೆ. ಇನ್ನೊಂದು ಕಡೆ 2006ರ ನಂತರ ಸೇರಿದ ಹುಡುಗ ಹುಡುಗಿಯರು ಮುಖ ಸಣ್ಣ ಮಾಡಿಕೊಂಡು ನಿಂತಿದ್ದರು. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಎನ್.ಪಿ.ಎಸ್., ಅಂದರೆ ಹೊಸ ಪಿಂಚಣಿ ಯೋಜನೆ. ತಿಂಗಳು ತಿಂಗಳು ಸಂಬಳದಿಂದ ಕಡಿತ ಆಗುತ್ತದೆ, ಆ ಹಣ ಮಾರುಕಟ್ಟೆಗೆ ಹೋಗುತ್ತದೆ. ಕೊನೆಗೆ ಎಷ್ಟು ಬರುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ. ಅವರಲ್ಲಿ ಒಬ್ಬಳು ನನ್ನ ಹತ್ತಿರ ಬಂದು, “ನಿಮಗೇನು ಮೇಡಂ, ಪಿಂಚಣಿ ಗ್ಯಾರಂಟಿ. ನಾವು ನಿಮ್ಮ ಜೊತೆ ಕೂಗಿದ್ದೇ ಬಂತು” ಅಂದಳು. ನಾನು ಏನೂ ಹೇಳಲಿಲ್ಲ. ಹೇಳುವಂಥದ್ದು ಇರಲಿಲ್ಲ. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. 2024ರ ಜನವರಿಯಲ್ಲಿ, 2006ರ ಏಪ್ರಿಲ್‌ಗಿಂತ ಮೊದಲೇ ಅಧಿಸೂಚನೆಯಾಗಿ ಆಮೇಲೆ ಕೆಲಸಕ್ಕೆ ಸೇರಿದ ಸುಮಾರು 13,000 ಮಂದಿಗೆ ಹಳೇ ಪಿಂಚಣಿಗೆ ಬರುವ ಅವಕಾಶ ಸಿಕ್ಕಿತು. ಅವಳು ಅದರಲ್ಲೂ ಬರಲಿಲ್ಲ.

ಕೊನೆಯ ತಿಂಗಳು ಚಾರ್ಜ್ ಕೊಡುವ ತಿಂಗಳು. ಬಿಸಿಯೂಟದ ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿಯ ದಾಸ್ತಾನು ತೂಗಿ ಬರೆಸುವುದು. ಎಸ್.ಡಿ.ಎಂ.ಸಿ. ಅನ್ನುವ ಶಾಲಾ ಸಮಿತಿಯ ಜಂಟಿ ಖಾತೆಯ ಪಾಸ್‌ಬುಕ್ಕು, ದಾಖಲಾತಿ ವಹಿ, ಶಾಲೆಯ ಜಾಗದ ಪತ್ರ, ಒಡೆದ ಗ್ಲೋಬಿನಿಂದ ಹಿಡಿದು ಕಂಪ್ಯೂಟರ್‌ವರೆಗೆ ಪಟ್ಟಿ. ಬೇಬಾಕಿ ಪ್ರಮಾಣಪತ್ರ ಸಿಗಬೇಕಾದರೆ ಎಲ್ಲ ಸರಿಯಾಗಿರಬೇಕು. ಅದರ ಜೊತೆಗೆ ಪಿಂಚಣಿ ಕಾಗದಗಳು. ಗಂಡ ಹೆಂಡತಿ ಜೋಡಿ ಫೋಟೋ, ಸಹಿಯ ಮಾದರಿ, ಗುರುತಿನ ಚಿಹ್ನೆ, ನಾಮನಿರ್ದೇಶನ. ಮದುವೆಯಲ್ಲೂ ಅಷ್ಟು ಜೋಡಿ ಫೋಟೋ ತೆಗೆಸಿರಲಿಲ್ಲ.

ಕಮ್ಯುಟೇಷನ್ ಬಗ್ಗೆ ನಮ್ಮಲ್ಲಿ ಎರಡು ಪಂಗಡ. ಪಿಂಚಣಿಯ ಮೂರನೇ ಒಂದು ಭಾಗದವರೆಗೆ ಬಿಟ್ಟುಕೊಟ್ಟು ಅದರ ಬದಲು ಒಟ್ಟಿಗೆ ಹಣ ತಗೊಳ್ಳಬಹುದು. 15 ವರ್ಷ ಆದ ಮೇಲೆ ಬಿಟ್ಟುಕೊಟ್ಟ ಭಾಗ ವಾಪಸ್ ಸೇರುತ್ತದೆ. ತಗೋಬೇಡಿ, ತಿಂಗಳ ಪಿಂಚಣಿ ಕಡಿಮೆ ಆಗುತ್ತೆ ಅನ್ನುವವರು ಕೆಲವರು. ಮಕ್ಕಳ ಮದುವೆ, ಮನೆ ಸಾಲ ಇರುವವರು ತಗೊಳ್ಳದೆ ಏನು ಮಾಡುತ್ತಾರೆ? ನಾನು ತಗೊಂಡೆ. ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ತೋರಿಸಿದ್ದು ಕೂಡ ಅದೇ ಹಿಂದಿನ ಬೆಂಚಿನ ಮೇಷ್ಟ್ರು.

ಕಡತ ಒಂದೇ ಸಲಕ್ಕೆ ಪಾಸಾಯಿತು. ಪಿಂಚಣಿ ಆದೇಶ, ಗ್ರಾಚ್ಯುಟಿ ಆದೇಶ ಬಂದವು. ಖಜಾನೆಗೆ ಹೋಗಿ ಗುರುತು ತೋರಿಸಿದೆ. ಇದರ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಸಲೀಸಾದ ಕೆಲಸದಲ್ಲಿ ಕಥೆ ಇರುವುದಿಲ್ಲ ಅಲ್ವಾ?

ನಿವೃತ್ತಿಯಾದ ಮೇಲೆ ಕೆಲವು ತಿಂಗಳು ನಾನು ಯಾವ ಸಂಘಕ್ಕೂ ಹೋಗಲಿಲ್ಲ. ಮಗಳ ಬಾಣಂತನ, ಮನೆ ಕೆಲಸ, ದೇವಸ್ಥಾನ. ಸಾಕಪ್ಪಾ ಸಭೆ ಅನ್ನಿಸಿತ್ತು. ಮೇಷ್ಟ್ರು ಒಂದು ದಿನ ಮನೆಗೇ ಬಂದು, ನಿವೃತ್ತರ ಸಂಘದ ಅರ್ಜಿ ಮೇಜಿನ ಮೇಲೆ ಇಟ್ಟು, “ನವೆಂಬರ್‌ನಲ್ಲಿ ಜೀವಂತ ಪ್ರಮಾಣ ಪತ್ರ ಕೊಡಬೇಕು, ಹೇಗಿದ್ರೂ ಪೇಟೆಗೆ ಬರ್ತೀರಲ್ಲ” ಅಂದರು. ಆಜೀವ ಸದಸ್ಯತ್ವದ ಹಣ ಕಟ್ಟಿದೆ. ಅಲ್ಲಿ ನೋಡಿದರೆ ಶಿಕ್ಷಕರು, ಕಂದಾಯದವರು, ಪೊಲೀಸರು, ಪಶುವೈದ್ಯ ಇಲಾಖೆಯವರು ಎಲ್ಲ ಒಟ್ಟಿಗೆ. ಶಾಲೆಗೆ ತಪಾಸಣೆಗೆ ಬಂದು ನಮ್ಮನ್ನು ನಿಲ್ಲಿಸಿ ಪ್ರಶ್ನೆ ಕೇಳಿದ್ದ ಅಧಿಕಾರಿಯೊಬ್ಬರು ಈಗ ಪಕ್ಕದ ಕುರ್ಚಿಯಲ್ಲಿ ಕೂತು, “ನನ್ನ ಮೊಬೈಲ್‌ನಲ್ಲಿ ಇದೇನೋ ಒ.ಟಿ.ಪಿ. ಬರ್ತಿಲ್ಲ, ನೋಡಿ ಮೇಡಂ” ಅನ್ನುತ್ತಾರೆ.

ಡಿಸೆಂಬರ್ 17ರಂದು ಪಿಂಚಣಿದಾರರ ದಿನ ಮಾಡುತ್ತಾರೆ. ಯಾಕೆ ಆ ದಿನ ಅಂತ ನನಗೆ ಅಲ್ಲಿಗೆ ಹೋಗುವವರೆಗೂ ಗೊತ್ತಿರಲಿಲ್ಲ. 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಕೇಂದ್ರ ಸರ್ಕಾರ ಪಿಂಚಣಿ ಸೂತ್ರ ಸುಧಾರಿಸಿ, 1979ರ ಮಾರ್ಚ್ 31ರಂದು ಅಥವಾ ಅದರ ನಂತರ ನಿವೃತ್ತರಾದವರಿಗೆ ಮಾತ್ರ ಅಂದಿತ್ತು. ಅದಕ್ಕಿಂತ ಒಂದು ದಿನ ಮೊದಲು ನಿವೃತ್ತರಾದವರು ಮಾಡಿದ ಪಾಪ ಏನು ಅನ್ನುವುದೇ ಪ್ರಶ್ನೆ. ಪಿಂಚಣಿ ಸರ್ಕಾರ ಮನಸ್ಸು ಬಂದಾಗ ಕೊಡುವ ದಾನ ಅಲ್ಲ, ದುಡಿದವರ ಹಕ್ಕು ಅಂತ ಕೋರ್ಟು ಹೇಳಿತು. ಪಿಂಚಣಿದಾರರನ್ನು ಒಂದು ತಾರೀಖು ಹಿಡಿದು ಎರಡು ಭಾಗ ಮಾಡುವುದನ್ನು ಒಪ್ಪಲಿಲ್ಲ.

ಆ ಭಾಷಣ ಕೇಳಿದಾಗ ಇದು ನನ್ನ ತಲೆಗೇ ಬರುತ್ತದೆ ಅಂತ ಗೊತ್ತಿರಲಿಲ್ಲ. 2024ರ ಜುಲೈನಲ್ಲಿ ಏಳನೇ ವೇತನ ಆಯೋಗದ ಆದೇಶ ಬಂತು. ಕೆ. ಸುಧಾಕರ್ ರಾವ್ ಅವರ ಆಯೋಗ. ಶೇ. 31ರ ತುಟ್ಟಿಭತ್ಯೆ ವಿಲೀನ, ಅದರ ಜೊತೆಗೆ ಮೂಲವೇತನದ ಶೇ. 27.5ರಷ್ಟು ಹೆಚ್ಚಳ. ಕನಿಷ್ಠ ಮೂಲವೇತನ 17,000ದಿಂದ 27,000ಕ್ಕೆ, ಕನಿಷ್ಠ ಪಿಂಚಣಿ 13,500ಕ್ಕೆ. ಹೊಸ ವೇತನ 2022ರ ಜುಲೈ 1ರಿಂದ ಲೆಕ್ಕಕ್ಕೆ ಮಾತ್ರ, ಹಣ ಕೈಗೆ 2024ರ ಆಗಸ್ಟ್ 1ರಿಂದ. ಈ ಎರಡು ತಾರೀಖಿನ ನಡುವೆ ನಿವೃತ್ತರಾದವರು ನಾವು ಒಂದಷ್ಟು ಜನ ಇದ್ದೇವಲ್ಲ, ನಮ್ಮ ಪಿಂಚಣಿ ಹೊಸ ವೇತನದ ಮೇಲೆ ಪರಿಷ್ಕರಣೆ ಆಯಿತು. ಆದರೆ ಗ್ರಾಚ್ಯುಟಿ, ಕಮ್ಯುಟೇಷನ್, ರಜೆ ನಗದೀಕರಣ ಈ ಮೂರೂ ಹಳೇ ಸಂಬಳದ ಮೇಲೆಯೇ ಉಳಿದವು. ಎರಡು ಬೇಸಿಗೆಯ ರಜೆಗೆ ಅಷ್ಟು ಒದ್ದಾಡಿದ್ದೆನಲ್ಲ, ಆ ದಿನಗಳಿಗೂ ಹಳೇ ದರ. ನನಗಿಂತ ಸುಮಾರು ಒಂದು ವರ್ಷ ಆಚೆ, 2024ರ ಆಗಸ್ಟ್‌ನಲ್ಲಿ ನಿವೃತ್ತರಾದ ಟೀಚರ ಲೆಕ್ಕ ನೋಡಿದರೆ ಲಕ್ಷಗಳಲ್ಲಿ ವ್ಯತ್ಯಾಸ.

ಸರ್ಕಾರದ ಕಡೆಗೂ ಒಂದು ವಾದ ಇದೆ. ಪಿಂಚಣಿ ತಿಂಗಳು ತಿಂಗಳು ಬರುವುದು, ಗ್ರಾಚ್ಯುಟಿ ಒಂದೇ ಸಲ ಕೊಟ್ಟು ಮುಗಿಸಿದ ಹಣ, ಮುಗಿದ ಲೆಕ್ಕ ಮತ್ತೆ ತೆರೆಯಲಾಗದು ಅಂತ. ಆ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ. ಆದರೆ ಲೆಕ್ಕಕ್ಕೆ 2022 ಅಂತ ಸರ್ಕಾರವೇ ಹೇಳಿದ ಮೇಲೆ ಆ ಲೆಕ್ಕ ಪಿಂಚಣಿಗೆ ಒಂದು ತರ, ಗ್ರಾಚ್ಯುಟಿಗೆ ಒಂದು ತರ ಹೇಗಾಗುತ್ತದೆ? ಇದನ್ನೇ ಕೇಳಿ ರಾಜ್ಯದ ಬೇರೆ ಬೇರೆ ಕಡೆ ನಿವೃತ್ತರು ಧರಣಿ ಕೂತರು. ನಾವೂ ಜಿಲ್ಲಾ ಕೇಂದ್ರದಲ್ಲಿ ಕೂತೆವು. ನಿವೃತ್ತರ ಧರಣಿ ನೋಡಲು ಬೇರೆ ತರ ಇರುತ್ತದೆ. ಘೋಷಣೆ ಕೂಗಿದರೆ ಕೆಮ್ಮು ಬರುತ್ತದೆ. ಮಾತ್ರೆ ಡಬ್ಬಿ, ನೀರಿನ ಬಾಟಲಿ, ಕೂರಲು ಪ್ಲಾಸ್ಟಿಕ್ ಕುರ್ಚಿ ಬೇಕು. ಹನ್ನೊಂದು ಗಂಟೆಗೆ ಸಕ್ಕರೆ ಕಾಯಿಲೆಯವರೆಲ್ಲ ಒಟ್ಟಿಗೆ ಎದ್ದು ಬಿಸ್ಕತ್ತು ಹುಡುಕುತ್ತಾರೆ. ಆದರೆ ಯಾರಿಗೂ ರಜೆ ಹಾಕುವ ಚಿಂತೆ ಇಲ್ಲ, ಸಸ್ಪೆಂಡ್ ಮಾಡುತ್ತೇವೆ ಅಂತ ಯಾರೂ ಹೆದರಿಸಲಾರರು. ಅದೊಂದು ದೊಡ್ಡ ಸ್ವಾತಂತ್ರ್ಯ. ಆ ಹಣ ನನ್ನ ಕೈಗಂತೂ ಬಂದಿಲ್ಲ.

ಇನ್ನೊಂದು ಹಳೇ ಸಂಕಟ ಆಸ್ಪತ್ರೆ ಖರ್ಚು. ನೌಕರಿಯಲ್ಲಿದ್ದಾಗ ವೈದ್ಯಕೀಯ ವೆಚ್ಚ ಮರುಪಾವತಿ ಕೇಳಬಹುದಿತ್ತು. ಕಾಯಿಲೆ ಜಾಸ್ತಿಯಾಗುವ ವಯಸ್ಸಿಗೆ ಆ ಬಾಗಿಲು ಮುಚ್ಚಿರುತ್ತದೆ. ಸಭೆಯಲ್ಲಿ ಯಾವ ವಿಷಯ ಎತ್ತಿದರೂ ಮಾತು ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ.

ಈಗ ಹೇಳಲು ಸ್ವಲ್ಪ ಕಷ್ಟದ ವಿಷಯ. ನಿವೃತ್ತರಾದ ಮೇಲೂ ಶಿಕ್ಷಕರ ಸಂಘ ಬಿಡದವರಲ್ಲಿ ಎರಡು ಬಗೆ. ಒಂದು ಬಗೆಯವರು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದಾಗ ಮಾತಾಡುವವರು. ಇನ್ನೊಂದು ಬಗೆಯವರಿಗೆ ವೇದಿಕೆಯೇ ಬೇಕು. ಯಾವ ಕಾರ್ಯಕ್ರಮ ಆದರೂ ಮೊದಲ ಸಾಲಿನ ಕುರ್ಚಿ, ಮೈಕು, ನಮ್ಮ ಕಾಲದಲ್ಲಿ ಅಂತ ಶುರುವಾಗುವ ಮಾತು. ಚುನಾವಣೆ ಬಂದರೆ ಯಾರನ್ನು ನಿಲ್ಲಿಸಬೇಕು ಅಂತ ಅವರ ಮನೆಯಲ್ಲಿ ತೀರ್ಮಾನ. ಹೊಸಬರು ಸಂಘದಿಂದ ದೂರ ಸರಿಯಲು ಇದೂ ಒಂದು ಕಾರಣ ಅನ್ನುವುದು ನನ್ನ ಅಭಿಪ್ರಾಯ. ಇದನ್ನು ಸಭೆಯಲ್ಲೇ ಹೇಳಿದ್ದೇನೆ. ಕೆಲವರು ಈಗಲೂ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ನಾನು ಉಳಿಸಿಕೊಂಡ ಕೆಲಸ ಒಂದೇ. ಶನಿವಾರ ಮಧ್ಯಾಹ್ನ ಗುರುಭವನದ ಹಿಂದಿನ ಕೋಣೆಯಲ್ಲಿ ಮೇಷ್ಟ್ರೂ ನಾನೂ ಕೂರುತ್ತೇವೆ. ನಿವೃತ್ತಿಗೆ ಹತ್ತಿರ ಇರುವವರು ತಮ್ಮ ಎಸ್.ಆರ್. ನಕಲು ತರುತ್ತಾರೆ. ಪುಟ ತಿರುವಿ, ಬಿಟ್ಟುಹೋದ ಕಡೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಯಾವ ಆದೇಶ ಹಚ್ಚಬೇಕು ಅಂತ ಚೀಟಿ ಬರೆದುಕೊಡುತ್ತೇವೆ. ಮಗಳ ಹೆಸರು, ಗಂಡನ ಹೆಸರು ಆಧಾರ್‌ನಲ್ಲಿ ಒಂದು, ಎಸ್.ಆರ್.ನಲ್ಲಿ ಒಂದು ಇದ್ದರೆ ಈಗಲೇ ಸರಿ ಮಾಡಿಸಿ ಅನ್ನುತ್ತೇವೆ. ಕುಟುಂಬ ಪಿಂಚಣಿಗೆ ಅಲೆಯುವವರು ಬಹುಪಾಲು ಈ ಒಂದು ಅಕ್ಷರದ ವ್ಯತ್ಯಾಸಕ್ಕೆ ಅಲೆಯುತ್ತಾರೆ. 2025ರ ದಸರಾ ರಜೆಯಲ್ಲಿ ಮತ್ತೆ ಸಮೀಕ್ಷೆಗೆ ಶಿಕ್ಷಕರನ್ನು ಹಾಕಿದಾಗ, ಮೊದಲ ದಿನವೇ ಎಲ್ಲರಿಗೂ ಹೇಳಿ ಕಳಿಸಿದೆವು: ನೇಮಕ ಪತ್ರ ಎರಡು ನಕಲು ಮಾಡಿಸಿ, ಒಂದು ಮನೆಯಲ್ಲಿ ಇಡಿ. ರಜೆಯ ಆದೇಶ ಬಂದರೆ ಅದೇ ತಿಂಗಳು ಪುಟಕ್ಕೆ ಏರಿಸಿಕೊಳ್ಳಿ.

ಮುಷ್ಕರದ ದಿನ ನನಗೆ ಆ ಮಾತು ಹೇಳಿದ ಹುಡುಗಿಯೂ ಬರುತ್ತಾಳೆ. ಅವಳಿಗೆ ನಿವೃತ್ತಿ ಇನ್ನೂ ದೂರ. ಎನ್.ಪಿ.ಎಸ್. ಖಾತೆಗೆ ಒಂದು ತಿಂಗಳ ಕಡಿತ ಜಮಾ ಆಗಿಲ್ಲ ಅಂತ ಬಂದವಳು. ಎನ್.ಪಿ.ಎಸ್. ಲೆಕ್ಕ ನಮಗೆ ಬರುವುದಿಲ್ಲ. ಮೇಷ್ಟ್ರ ಟ್ರಂಕಿನಲ್ಲೂ ಅದಿಲ್ಲ. ಅವಳೇ ಕಲಿತು, ಈಗ ಅದೇ ಕೋಣೆಯಲ್ಲಿ ಇನ್ನೊಂದು ಮೇಜು ಹಾಕಿಕೊಂಡು ತನ್ನ ಬ್ಯಾಚಿನವರ ಸ್ಟೇಟ್‌ಮೆಂಟ್ ನೋಡಿಕೊಡುತ್ತಾಳೆ. ಅವಳ ಮೇಜಿನ ಮುಂದೆಯೇ ಜನ ಜಾಸ್ತಿ.

ಈ ನಡುವೆ ಶಿಕ್ಷಕರ ಸಂಘದ ನಮ್ಮ ಘಟಕದಲ್ಲಿ ಒಂದು ಚರ್ಚೆ ಎದ್ದಿದೆ. ನಿವೃತ್ತರನ್ನು ಚಂದಾ ತಗೊಂಡು ಸಹ ಸದಸ್ಯರಾಗಿ ಉಳಿಸಿಕೊಳ್ಳಬೇಕು ಅಂತ ಹೊಸಬರೇ ಹೇಳುತ್ತಿದ್ದಾರೆ. ಮತದ ಹಕ್ಕು ಕೊಡಬೇಕೋ ಬೇಡವೋ ಅನ್ನುವುದು ಜಗಳ. ಬೇಡ ಅಂತ ನಾನು ಹೇಳಿದ್ದೇನೆ. ವರ್ಗಾವಣೆ, ಬಡ್ತಿ, ಎನ್.ಪಿ.ಎಸ್. ಯಾವುದೂ ಇನ್ನು ನಮ್ಮ ಮೈಗೆ ತಾಗುವುದಿಲ್ಲ. ತಾಗದವರು ತೀರ್ಮಾನ ಮಾಡಬಾರದು. ಮೇಷ್ಟ್ರು ಇದಕ್ಕೆ ಸುತರಾಂ ಒಪ್ಪುತ್ತಿಲ್ಲ. “ಶಿಕ್ಷಕರ ಕ್ಷೇತ್ರದಲ್ಲೂ ನಮಗೆ ಮತ ಇರಲಿಲ್ಲ, ನಮ್ಮ ಸಂಘದಲ್ಲೂ ಬೇಡ ಅಂತೀರಲ್ಲ ಮೇಡಂ” ಅಂತ ಕೇಳುತ್ತಾರೆ. ಠರಾವು ಮುಂದಿನ ಮಹಾಸಭೆಗೆ ಬರುತ್ತದೆ. ಅವರು ಒಂದು ಕಡೆ, ನಾನು ಒಂದು ಕಡೆ ಮಾತಾಡುವುದು ಅಂತ ಈಗಾಗಲೇ ಆಗಿದೆ. ಸಭೆ ಶನಿವಾರ ಮಧ್ಯಾಹ್ನವೇ.